ತಂಗಡಿ: ಪಹಣಿಯಲ್ಲಿ ಕಾಲಂ ಇಲ್ಲದ ಹಳದಿ ಹೂವಿನ ಲೆಕ್ಕ

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಹೊಲದ ಬದುವಿನ ಮೇಲೆ ಕೂತಿದ್ದೀರೋ ಗೊತ್ತಿಲ್ಲ. ಬಸ್ಸಲ್ಲಿದ್ರೆ ಒಂದ್ಸಲ ಕಿಟಕಿ ಆಚೆ ನೋಡಿ. ಗಂಗಾವತಿಯಿಂದ ಕನಕಗಿರಿ ಕಡೆಗೋ, ಕುಷ್ಟಗಿಯಿಂದ ಯಲಬುರ್ಗಾ ಕಡೆಗೋ ಹೊರಟಿದ್ರೆ ರಸ್ತೆ ಪಕ್ಕದಲ್ಲಿ ಸೊಂಟದೆತ್ತರದ ಒಂದು ಗಿಡ ಕಾಣುತ್ತೆ. ಮೈ ತುಂಬ ಹಳದಿ ಹೂವು. ಯಾರೂ ನೀರು ಹಾಕಿಲ್ಲ, ಗೊಬ್ಬರ ಹಾಕಿಲ್ಲ, ಬೇಲಿ ಕಟ್ಟಿಲ್ಲ. ಏಪ್ರಿಲ್ ಬಿಸಿಲಿಗೆ ಸುತ್ತ ಇರೋ ಹುಲ್ಲೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ರೂ ಇದು ಮಾತ್ರ ಹಸಿರಾಗೇ ಇರುತ್ತೆ. ಅದೇ ತಂಗಡಿ. ಕೆಲವು ಕಡೆ ಆವರಿಕೆ ಅಂತಾರೆ, ಇನ್ನು ಕೆಲವು ಕಡೆ ಹೊನ್ನಾವರಿಕೆ.

ಇವತ್ತಿನ ಕಥೆ ಈ ಗಿಡದ್ದು. ನಾನು ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರ ಅಲ್ಲ. ಹಾಗಿದ್ರೂ ಈ ಗಿಡದ ಹಿಂದೆ ಯಾಕೆ ಬಿದ್ದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಅವರ ಫೋನಿಗೆ ಒಂದು ವಿಡಿಯೋ ಬಂತು: ಆವರಿಕೆ ಹೂವಿನ ಚಹಾ ಕುಡಿದ್ರೆ ಶುಗರ್ ಮಾಯ, ಮಾತ್ರೆ ಬೇಡ. ದೊಡ್ಡಪ್ಪ ಆನ್‌ಲೈನ್‌ನಲ್ಲಿ ಒಂದು ಪೊಟ್ಟಣ ತರಿಸಿದ್ರು. ಅದರ ಬೆಲೆ ನೋಡಿ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿ ಎದ್ದು ಕೂತ. ನವಲಿ ಹತ್ತಿರದ ನಮ್ಮ ಅಜ್ಜಿ ಊರಲ್ಲಿ ಈ ಗಿಡ ದಾರಿಗೊಂದು ಇದೆ, ದುಡ್ಡು ಯಾಕೆ ಕೊಡಬೇಕು ಅಂತ ಬೈಕ್ ಹತ್ತಿ ಹೋದೆ. ಹಳದಿ ಹೂವಿನ ಗಿಡ ಕಂಡಲ್ಲೆಲ್ಲ ಮುರಿದು ಒಂದು ಚೀಲ ತುಂಬಿಸಿಕೊಂಡು ಅಜ್ಜಿ ಮುಂದೆ ಸುರಿದೆ.

ಅಜ್ಜಿ ಒಂದೊಂದೇ ಟೊಂಗೆ ತೆಗೆದು ನೋಡಿದಳು. ಅರ್ಧಕ್ಕರ್ಧ ಆಚೆ ಎಸೆದಳು. "ಏ ತಮ್ಮಾ, ಇವು ತಂಗಡಿ ಅಲ್ಲೋ. ಕಿವಿ ಎಲ್ಲದಾವ ತೋರ್ಸು ನೋಡೋಣು?" ಅಂದಳು. ಗಿಡಕ್ಕೆ ಕಿವಿಯಾ? ನಾನು ನಕ್ಕೆ. ಅಜ್ಜಿ ನಗಲಿಲ್ಲ. "ಇದನ್ನ ಕುದ್ಸಿ ಕುಡಿದಿದ್ರ ನಿಮ್ಮ ದೊಡ್ಡಪ್ಪ ದವಾಖಾನಿಗೆ ಹೋಗ್ತಿದ್ದ" ಅಂದಳು.

ಅವತ್ತು ರಾತ್ರಿ ಕೂತು ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಗೊತ್ತಾಯ್ತು, ಅಜ್ಜಿ ಹೇಳಿದ ಕಿವಿ ತಮಾಷೆ ಅಲ್ಲ. ಅದರ ಹಿಂದೆ ದೊಡ್ಡದೊಂದು ಇತಿಹಾಸ ಇದೆ.

ಕಿವಿ ಇರೋ ಗಿಡ

ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಪಂಚದ ಗಿಡಗಳಿಗೆ ಎರಡು ಪದದ ಹೆಸರು ಕೊಡುವ ಪುಸ್ತಕ ಪ್ರಕಟಿಸಿದ. ಅದರಲ್ಲಿ ನಮ್ಮ ತಂಗಡಿಗೆ ಕೊಟ್ಟ ಹೆಸರು ಕ್ಯಾಸಿಯಾ ಆರಿಕ್ಯುಲೇಟಾ. ಆಮೇಲೆ ಅದನ್ನ ಸೆನ್ನಾ ಅನ್ನೋ ಕುಲಕ್ಕೆ ಸೇರಿಸಿದ್ರು, ಹೀಗಾಗಿ ಈಗ ಅದು ಸೆನ್ನಾ ಆರಿಕ್ಯುಲೇಟಾ. ಆರಿಕ್ಯುಲೇಟಾ ಅಂದ್ರೆ ಏನು ಗೊತ್ತಾ? ಲ್ಯಾಟಿನ್‌ನಲ್ಲಿ "ಕಿವಿ ಇರುವ" ಅಂತ ಅರ್ಥ.

ಎಲೆಯ ಕಡ್ಡಿ ಟೊಂಗೆಗೆ ಕೂಡೋ ಜಾಗದಲ್ಲಿ ನೋಡಿ. ಎರಡು ಕಡೆ ಗುಂಡಗೆ, ಅಗಲವಾಗಿ, ಎಲೆಯಂಥದ್ದೇ ಎರಡು ಪುಟ್ಟ ತುಂಡು ಅಂಟಿಕೊಂಡಿರುತ್ತೆ. ಥೇಟ್ ಕಿವಿ ತರಹ. ಬೇರೆ ಗಿಡಗಳಲ್ಲಿ ಇಂಥವು ಸಣ್ಣದಾಗಿ ಇದ್ದು ಬೇಗ ಉದುರಿ ಹೋಗುತ್ತವೆ. ತಂಗಡಿಯಲ್ಲಿ ಮಾತ್ರ ದೊಡ್ಡದಾಗಿ ಉಳಿದುಕೊಂಡಿರುತ್ತವೆ. ಲಿನೇಯಸ್ ಯುರೋಪಿನಲ್ಲಿ ಕೂತು ಯಾವ ಗುರುತು ಹಿಡಿದನೋ, ಓದು ಬರಹ ಬಾರದ ನಮ್ಮಜ್ಜಿ ನವಲಿಯ ಪಕ್ಕದಲ್ಲಿ ಕೂತು ಅದೇ ಗುರುತು ಹಿಡಿದಿದ್ದಳು.

ಸರಿ, ಈಗ ನೀವೂ ಗುರುತು ಹಿಡಿಯೋದು ಕಲೀರಿ. ನಾಲ್ಕು ಗುರುತು ಸಾಕು.

ಒಂದು, ಕಿವಿ. ಅದನ್ನ ಹೇಳಿದೆ.

ಎರಡು, ಎಲೆ. ಒಂದು ಕಡ್ಡಿಗೆ ಎದುರು ಬದುರಾಗಿ 8ರಿಂದ 12 ಜೊತೆ ಸಣ್ಣ ಎಲೆ. ತುದಿ ಚೂಪಲ್ಲ, ಮೊಂಡು. ಒಂದೊಂದು ಜೊತೆ ಎಲೆಯ ನಡುವೆಯೂ ಕಡ್ಡಿಯ ಮೇಲೆ ಒಂದು ಪುಟ್ಟ ಗಂಟು ನಿಂತಿರುತ್ತೆ. ಬೆರಳಾಡಿಸಿದ್ರೆ ಗೊತ್ತಾಗುತ್ತೆ.

ಮೂರು, ಹೂವು. ಐದು ಎಸಳು, ಹಳದಿ. ಎಸಳಿನ ಅಂಚು ಸ್ವಲ್ಪ ಸುಕ್ಕು. ನಡುವೆ ಬಾಗಿದ ಉದ್ದ ಕೇಸರಗಳು. ಈ ಹೂವಲ್ಲಿ ಜೇನು ಇರೋದಿಲ್ಲ, ಪರಾಗ ಮಾತ್ರ. ಅದೂ ಸಣ್ಣ ತೂತಿನ ಡಬ್ಬಿಯೊಳಗೆ ಮುಚ್ಚಿಟ್ಟಂಗೆ ಇರುತ್ತೆ. ದಪ್ಪ ಕರಿ ದುಂಬಿ ಬಂದು ಹೂವನ್ನ ಹಿಡಿದು ಝುಂಯ್ ಅಂತ ಮೈ ನಡುಗಿಸಿದಾಗ ಪರಾಗ ಹೊರಗೆ ಉದುರುತ್ತೆ. ಬೆಳಿಗ್ಗೆ ಗಿಡದ ಹತ್ತಿರ ಸುಮ್ಮನೆ ನಿಂತ್ರೆ ಆ ಸದ್ದು ಕೇಳಿಸುತ್ತೆ.

ನಾಲ್ಕು, ಕಾಯಿ. ಚಪ್ಪಟೆ, ತೆಳು, ಒಣಗಿದ ಮೇಲೆ ಕಾಗದದ ಹಾಗೆ. ಒಳಗೆ ಬೀಜ ಎಲ್ಲಿವೆ ಅಂತ ಹೊರಗಿಂದಲೇ ಲೆಕ್ಕ ಹಾಕಬಹುದು.

ಈಗ ಮೋಸ ಮಾಡೋ ನೆಂಟರು. ರಸ್ತೆ ಪಕ್ಕ ಅರಣ್ಯ ಇಲಾಖೆಯವರು ನೆಟ್ಟಿರೋ ದೊಡ್ಡ ಮರ ಸೀಮೆ ತಂಗಡಿ. ಹೂವು ಹಳದಿನೇ, ಆದ್ರೆ ಅದು ಮರ, ಎಲೆ ಕಡ್ಡಿಯ ಮೇಲೆ ಗಂಟು ಇರಲ್ಲ. ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಏಳೋ ಮೊಣಕಾಲೆತ್ತರದ ಸಸಿ ತಗಚೆ. ಅದಕ್ಕೆ ಸಾಮಾನ್ಯವಾಗಿ ಮೂರೇ ಜೊತೆ ಎಲೆ. ಇನ್ನೊಂದು ದೊಡ್ಡ ತಗಚೆ, ಸಂಸ್ಕೃತದಲ್ಲಿ ಕಾಸಮರ್ದ. ಎಲೆ ಚೂಪು, ಐದಾರು ಜೊತೆ ಅಷ್ಟೇ, ತಿಕ್ಕಿದ್ರೆ ಕೆಟ್ಟ ವಾಸನೆ. ಗಂಟು ಕಡ್ಡಿಯ ಬುಡದಲ್ಲಿ ಒಂದೇ ಒಂದು. ನಾನು ಚೀಲ ತುಂಬ ತಂದಿದ್ದು ಇದನ್ನೇ.

ಈ ದೊಡ್ಡ ತಗಚೆ ಬಗ್ಗೆ ಸ್ವಲ್ಪ ಗಂಭೀರವಾಗಿ ಕೇಳಿ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷಾವರ್ಷ ಚಳಿಗಾಲದ ಹೊತ್ತಿಗೆ ಸಣ್ಣ ಮಕ್ಕಳು ವಾಂತಿ ಮಾಡಿಕೊಂಡು, ಪ್ರಜ್ಞೆ ತಪ್ಪಿ ಸಾಯ್ತಿದ್ರು. ಬಹಳ ದಿನ ಅದು ಮಿದುಳಿನ ವೈರಸ್ ಜ್ವರ ಅಂತಲೇ ತಿಳಿದಿದ್ರು. ಅಲ್ಲಿನ ವೈದ್ಯರು ಹುಡುಕುತ್ತಾ ಹೋಗಿ 2007ರ ಸುಮಾರಿಗೆ ಪ್ರಕಟಿಸಿದ ಅಧ್ಯಯನಗಳು ಬೇರೆಯದನ್ನೇ ಹೇಳಿದವು: ಮಕ್ಕಳು ಆಟ ಆಡ್ತಾ ಈ ಗಿಡದ ಕಾಯಿ ತಿಂದಿದ್ರು. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಪೆಟ್ಟು ಬಿದ್ದಿತ್ತು. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯಲ್ಲಿ ಮಕ್ಕಳು ಸತ್ತಾಗಲೂ ಜಪಾನೀಸ್ ಎನ್ಸೆಫಲೈಟಿಸ್ ಜೊತೆಗೆ ಇದೇ ಗಿಡದ ವಿಷದ ಮಾತು ಬಂತು. ಅಜ್ಜಿ ಇದನ್ನ ಯಾವ ಜರ್ನಲ್‌ನಲ್ಲೂ ಓದಿರಲಿಲ್ಲ. ಆದ್ರೆ ಟೊಂಗೆ ಎಸೆದಳು.

ಒಂದು ಗಿಡ, ಹಲವು ಹೆಸರು

ತಂಗಡಿ ಪರದೇಶದಿಂದ ಬಂದಿದ್ದಲ್ಲ. ಭಾರತದ ಒಣ ನೆಲ, ಶ್ರೀಲಂಕಾ, ಬರ್ಮಾದ ಒಣ ಪ್ರದೇಶ, ಇದು ಅದರ ತವರು. ತೆಲುಗಿನಲ್ಲಿ ತಂಗೇಡು. ಮರಾಠಿಯಲ್ಲಿ ತರವಡ. ದಖ್ಖನಿ ಮಾತಾಡೋರ ಬಾಯಲ್ಲಿ ತರ್ವಾರ್. ತಮಿಳಿನಲ್ಲಿ ಆವಾರಂ, ಹಳೇ ತಮಿಳಲ್ಲಿ ಆವಿರೈ. ನಮ್ಮ ಆವರಿಕೆ, ಅವರ ಆವಿರೈ ಅಕ್ಕಪಕ್ಕದ ಮನೆ ಅಂತ ಕೇಳಿದ್ರೇನೇ ಗೊತ್ತಾಗುತ್ತೆ.

ಸಂಗಂ ಕಾಲದ ತಮಿಳು ಕಾವ್ಯದಲ್ಲಿ ಈ ಹೂವಿಗೆ ವಿಚಿತ್ರವಾದ ಒಂದು ಪಾತ್ರ ಇದೆ. ಹುಡುಗಿ ಸಿಗದ ಪ್ರೇಮಿ ತಾಳೆಗರಿಯಿಂದ ಮಾಡಿದ ಕುದುರೆ ಏರಿ ಊರ ಬೀದಿಗೆ ಬರ್ತಾನೆ. ಮಾನ ಹೋದ್ರೂ ಪರವಾಗಿಲ್ಲ ಅನ್ನೋದಕ್ಕೆ ಗುರುತಾಗಿ ಆವಿರೈ ಹೂವಿನ ಮಾಲೆ ಹಾಕಿಕೊಂಡಿರ್ತಾನೆ. ತೋಟದ ಹೂವಲ್ಲ, ಬೀಳು ನೆಲದ ಹೂವು. ಅದಕ್ಕೇ ಅದು ಅಲ್ಲಿ ಹೊಂದುತ್ತೆ.

ನಮ್ಮ ಕಡೆ ದೀಪಾವಳಿ ಬಂತಂದ್ರೆ ಸಗಣಿಯಲ್ಲಿ ಪಾಂಡವರನ್ನ ಮಾಡಿ ಬಾಗಿಲಲ್ಲಿ ಇಡ್ತಾರೆ. ಅವರ ತಲೆಗೆ ಉತ್ತರಾಣಿ ಕಡ್ಡಿ, ಚೆಂಡು ಹೂವಿನ ಜೊತೆ ಅಡವಿಯ ಹಳದಿ ಹೂವೂ ಸಿಕ್ಕಿಸ್ತಾರೆ. ತಾಂಡಾದ ಹುಡುಗಿಯರು ದೀಪಾವಳಿ ಬೆಳಿಗ್ಗೆ ಹಾಡ್ತಾ ಗುಡ್ಡಕ್ಕೆ ಹೋಗಿ ಬುಟ್ಟಿ ತುಂಬ ಕಾಡುಹೂ ತರ್ತಾರೆ. ಪಕ್ಕದ ತೆಲಂಗಾಣದಲ್ಲಿ ಬತುಕಮ್ಮ ಹಬ್ಬ ಅಂದ್ರೆ ತಂಗೇಡು ಇರಲೇಬೇಕು. 2014ರಲ್ಲಿ ಹೊಸ ರಾಜ್ಯ ಆದಾಗ ಅವರು ರಾಜ್ಯದ ಹೂವು ಅಂತ ಆರಿಸಿಕೊಂಡಿದ್ದು ಇದನ್ನೇ. ಅಲ್ಲಿ ಸರ್ಕಾರಿ ಗೌರವ. ಇಲ್ಲಿ ನಾವು ಅದೇ ಗಿಡದ ಪಕ್ಕ ಬೈಕ್ ನಿಲ್ಲಿಸಿ ಇನ್ನೊಂದು ಕಡೆ ನೋಡ್ತೀವಿ.

ಒಗರಿನ ವ್ಯಾಪಾರ

ಈಗ ನಿಜವಾದ ಇತಿಹಾಸಕ್ಕೆ ಬರೋಣ. ತಂಗಡಿಯ ಹೂವು ನೋಡೋಕೆ ಚಂದ. ಆದ್ರೆ ನೂರಾರು ವರ್ಷ ಈ ಗಿಡಕ್ಕೆ ಬೆಲೆ ಬಂದಿದ್ದು ಹೂವಿಂದಲ್ಲ, ತೊಗಟೆಯಿಂದ.

ಸಕ್ಕರೆ ಇಲ್ಲದ ಕಡಕ್ ಚಹಾ ಕುಡಿದಾಗ ನಾಲಿಗೆ ಒಣಗಿ ಬಿಗಿದಂಗೆ ಆಗುತ್ತಲ್ಲ, ಅದಕ್ಕೆ ಒಗರು ಅಂತೀವಿ. ಆ ಒಗರಿಗೆ ಕಾರಣ ಟ್ಯಾನಿನ್ ಅನ್ನೋ ಪದಾರ್ಥ. ಅದು ನಾಲಿಗೆ ಮೇಲಿನ ಪ್ರೋಟೀನನ್ನ ಹಿಡಿದುಕೊಳ್ಳುತ್ತೆ. ಹಸಿ ತೊಗಲಿನಲ್ಲೂ ಪ್ರೋಟೀನ್ ಇದೆ. ಹಾಗೇ ಬಿಟ್ರೆ ಕೊಳೆಯುತ್ತೆ, ಒಣಗಿಸಿದ್ರೆ ಹಲಗೆ ಹಾಗೆ ಬಿರುಸಾಗುತ್ತೆ. ಟ್ಯಾನಿನ್ ಒಳಗೆ ಇಳಿದ್ರೆ ಮಾತ್ರ ಕೊಳೆಯದೆ, ಮೆತ್ತಗೆ, ಬಾಳಿಕೆ ಬರೋ ಚರ್ಮ ಆಗುತ್ತೆ. ತಂಗಡಿ ತೊಗಟೆಯಲ್ಲಿ ಟ್ಯಾನಿನ್ ನೂರಕ್ಕೆ 18ರ ಆಸುಪಾಸು. ಊರ ಪಕ್ಕ ಪುಕ್ಕಟೆ ಸಿಗೋ ಗಿಡದಲ್ಲಿ ಇಷ್ಟು ಇದೆ ಅಂದ್ರೆ ಅದು ಸಣ್ಣ ಮಾತಲ್ಲ.

ಹಳ್ಳಿಯಲ್ಲಿ ಚರ್ಮ ಹದ ಮಾಡ್ತಿದ್ದದ್ದು ಹೀಗೆ. ಸತ್ತ ದನದ ತೊಗಲನ್ನ ಮೊದಲು ಸುಣ್ಣದ ನೀರಲ್ಲಿ ಕೆಲವು ದಿನ ನೆನೆಸೋದು. ಕೂದಲು ಸಡಿಲ ಆಗುತ್ತೆ, ಕೆರೆದು ತೆಗೆಯೋದು. ಚೆನ್ನಾಗಿ ತೊಳೆದು ತಂಗಡಿ ತೊಗಟೆಯನ್ನ ಜಜ್ಜಿ ಹಾಕಿದ ನೀರಲ್ಲಿ ಮುಳುಗಿಸೋದು. ಆಮೇಲೆ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ಮತ್ತು ನೀರು ತುಂಬಿ, ಮರಕ್ಕೆ ತೂಗು ಹಾಕೋದು. ಒಗರು ನೀರು ತೊಗಲಿನ ಮೂಲಕವೇ ತೊಟ್ಟಿಕ್ಕುತ್ತಾ ಕೆಳಗೆ ಬೀಳುತ್ತೆ. ಬಿದ್ದ ನೀರನ್ನ ಮತ್ತೆ ಒಳಗೆ ಸುರಿಯೋದು. ದಿನಗಟ್ಟಲೆ ಇದೇ ಕೆಲಸ. ಕೊನೆಗೆ ಎಣ್ಣೆ ಹಚ್ಚಿ ತಿಕ್ಕೋದು. ವಾಸನೆ, ಸುಣ್ಣಕ್ಕೆ ಸುಟ್ಟ ಕೈ, ಸೀಳಿದ ಬೆರಳು, ಎಲ್ಲ ಸೇರಿ ಒಂದು ತೊಗಲು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆ ಸುತ್ತಿ ವರದಿ ಮಾಡೋಕೆ ಕಳಿಸಿತು. ಟಿಪ್ಪು ಸತ್ತು ಒಂದು ವರ್ಷ ಆಗಿತ್ತು ಅಷ್ಟೇ. ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಮಾದಿಗರು ಸುಣ್ಣ ಮತ್ತು ತಂಗಡಿ ಬಳಸಿ ತೊಗಲು ಹದ ಮಾಡೋದನ್ನ ಬರೆದಿಟ್ಟಿದ್ದಾನೆ. ಕನ್ನಡದ ಗಿಡದ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ. ಕಂಪನಿಗೆ ಬೇಕಿದ್ದದ್ದು ಒಂದೇ: ಇಲ್ಲಿ ಏನೇನು ಸಿಗುತ್ತೆ, ಅದರಿಂದ ದುಡ್ಡು ಆಗುತ್ತಾ?

ಆಯ್ತು. 19ನೇ ಶತಮಾನದ ನಡುವಿನಿಂದ ಮದ್ರಾಸ್ ಪ್ರಾಂತ್ಯದಲ್ಲಿ ಟ್ಯಾನರಿಗಳು ಬೆಳೆದವು. ಆವಾರಂ ತೊಗಟೆಯಲ್ಲಿ ಹದ ಮಾಡಿ, ಕೊನೆಗೆ ಅಳಲೆಕಾಯಿ ನೀರಲ್ಲಿ ಅದ್ದಿ ತೆಗೆಯೋ ಪದ್ಧತಿ ಗಟ್ಟಿಯಾಯ್ತು. ತಂಗಡಿಯಲ್ಲಿ ಹದ ಮಾಡಿದ ಚರ್ಮಕ್ಕೆ ತಿಳಿ ಬಣ್ಣ, ನಯವಾದ ಮೈ. ಒಂದೇ ತೊಂದರೆ, ಬಿಸಿಲಿಗೆ ಕೆಂಪಾಗುತ್ತೆ. ಅಳಲೆ ಅದನ್ನ ತಡೆಯುತ್ತೆ. ಹೀಗೆ ತಯಾರಾದ ಚರ್ಮ ಲಂಡನ್ ಮಾರುಕಟ್ಟೆಗೆ "ಈಸ್ಟ್ ಇಂಡಿಯಾ ಕಿಪ್ಸ್" ಅನ್ನೋ ಹೆಸರಲ್ಲಿ ಹೋಗ್ತಿತ್ತು. ಆ ಪದ್ಧತಿಯ ಚರ್ಮಕ್ಕೆ ಇವತ್ತು ತಮಿಳುನಾಡಿನ ಹೆಸರಲ್ಲಿ ಜಿಐ ಟ್ಯಾಗ್ ಕೂಡ ಇದೆ, ಇ.ಐ. ಲೆದರ್ ಅಂತ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಲಕ್ಷಾಂತರ ಸೈನಿಕರಿಗೆ ಬೂಟು ಬೇಕು. ಬೂಟಿನ ಮೇಲ್ಭಾಗಕ್ಕೆ ಈ ಚರ್ಮ ಹೇಳಿ ಮಾಡಿಸಿದಂಗಿತ್ತು. ಬ್ರಿಟಿಷ್ ಸರ್ಕಾರ ಮದ್ರಾಸ್ ಮತ್ತು ಬೊಂಬಾಯಿಯ ಹದ ಮಾಡಿದ ಚರ್ಮವನ್ನ ಸೈನ್ಯಕ್ಕೆ ಅಂತ ಕೊಳ್ಳೋಕೆ ಶುರು ಮಾಡಿತು. ತೊಗಟೆಗೆ ಬೇಡಿಕೆ ಏರಿತು, ಕೊರತೆ ಆಯ್ತು. ಸ್ವಲ್ಪ ಯೋಚನೆ ಮಾಡಿ. ಫ್ರಾನ್ಸಿನ ಕೆಸರಲ್ಲಿ ನಿಂತ ಒಬ್ಬ ಸಿಪಾಯಿಯ ಕಾಲಲ್ಲಿ ದಕ್ಷಿಣ ಭಾರತದ ಬೀಳು ನೆಲದ ಈ ಗಿಡದ ಒಗರು ಇತ್ತು. ಆ ತೊಗಟೆ ಸುಲಿದು, ಒಣಗಿಸಿ, ಹೊರೆ ಕಟ್ಟಿ ಮಾರಿದವರ ಹೆಸರು ಯಾವ ಲೆಡ್ಜರ್‌ನಲ್ಲೂ ಇಲ್ಲ.

ಆಮೇಲೆ ಎರಡು ಕಡೆಯಿಂದ ಪೆಟ್ಟು ಬಿತ್ತು. ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ಮರದ ತೊಗಟೆ ಹಡಗಲ್ಲಿ ಬಂತು. ಅದರಲ್ಲಿ ಟ್ಯಾನಿನ್ ಇನ್ನೂ ಜಾಸ್ತಿ, ತೋಟದಲ್ಲಿ ಬೆಳೆದಿದ್ದು, ಬೇಕಾದಷ್ಟು ಸಿಗೋದು. ಇನ್ನೊಂದು ಕಡೆಯಿಂದ ಕ್ರೋಮ್ ಟ್ಯಾನಿಂಗ್. ಆಲ್‌ಫ್ರೆಡ್ ಚಾಟರ್ಟನ್ 20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಅದರ ಪ್ರಯೋಗ ಮಾಡಿದ್ದರು. ಅದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದಲ್ಲೂ ಕೈಗಾರಿಕೆಯ ಕೆಲಸ ಮಾಡಿದರು. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯೋ ಕೆಲಸ ಕ್ರೋಮಿಯಂ ಉಪ್ಪಿನಲ್ಲಿ ಒಂದೆರಡು ದಿನಕ್ಕೆ ಮುಗಿಯುತ್ತೆ. ಲೆಕ್ಕ ಓದಿದವನಾಗಿ ಹೇಳ್ತೀನಿ, ಬಂಡವಾಳ ಬೇಗ ತಿರುಗೋ ಕಡೆಗೇ ವ್ಯಾಪಾರ ಹೋಗೋದು. ತಂಗಡಿ ಸೋತಿದ್ದು ಗುಣದಲ್ಲಿ ಅಲ್ಲ, ವೇಗದಲ್ಲಿ.

ಆದ್ರೆ ಆ ವೇಗದ ಬಿಲ್ ಇನ್ಯಾರೋ ಕಟ್ಟಿದ್ರು. ತಮಿಳುನಾಡಿನ ಪಾಲಾರ್ ಕಣಿವೆಯಲ್ಲಿ ಟ್ಯಾನರಿಗಳ ನೀರು ನೆಲಕ್ಕೆ, ಬಾವಿಗೆ ಇಳಿಯಿತು. ವೆಲ್ಲೂರಿನ ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯ್ತು. 1996ರ ಆಗಸ್ಟ್ 28ರಂದು ಬಂದ ಆ ತೀರ್ಪು ಇವತ್ತಿಗೂ ನಮ್ಮ ಪರಿಸರ ಕಾನೂನಿನ ದೊಡ್ಡ ಮೈಲಿಗಲ್ಲು. ಮಲಿನ ಮಾಡಿದವನೇ ದಂಡ ಕಟ್ಟಬೇಕು ಅನ್ನೋ ತತ್ವ ನಮ್ಮ ದೇಶದ ಕಾನೂನಿನ ಭಾಗ ಅಂತ ಅಲ್ಲಿ ಸ್ಪಷ್ಟವಾಗಿ ಹೇಳಿದ್ರು.

ಬಾವಿಯ ನೀರು ಮತ್ತು ಮುಟ್ಟದ ಕೈ

ಈಗ ನನಗೆ ಈ ಎಪಿಸೋಡ್ ಮಾಡೋವಾಗ ಗಂಟಲು ಕಟ್ಟಿದ ಜಾಗ.

ಪಂಪ್‌ಸೆಟ್ ಬರೋಕೆ ಮುಂಚೆ ನಮ್ಮ ಕಡೆ ಬಾವಿಯಿಂದ ನೀರೆತ್ತೋದು ಕಪಲಿಯಿಂದ. ಎರಡು ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆದ್ರೆ ಬಾವಿಯೊಳಗಿಂದ ದೊಡ್ಡ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರೋದು. ಆ ಚೀಲ ಹದ ಮಾಡಿದ ಚರ್ಮದ್ದು. ಎತ್ತಿನ ಕೊರಳ ಪಟ್ಟಿ, ಬಾರುಕೋಲು, ಕಾಲಿನ ಮೆಟ್ಟು, ಹಲಗೆ, ಎಲ್ಲವೂ ಚರ್ಮ. ಒಕ್ಕಲುತನ ನಿಂತಿದ್ದೇ ಚರ್ಮದ ಮೇಲೆ. ಚರ್ಮ ನಿಂತಿದ್ದು ತಂಗಡಿ ಮೇಲೆ. ತಂಗಡಿ ಹಿಡಿದು ಕೆಲಸ ಮಾಡ್ತಿದ್ದದ್ದು ಮಾದಿಗರ ಕೈ, ಸಮಗಾರರ ಕೈ, ಡೋರರ ಕೈ.

ಆ ತೊಗಲಿನ ಚೀಲದಲ್ಲಿ ಬಂದ ನೀರನ್ನ ಊರೆಲ್ಲ ಹೊಲಕ್ಕೆ ಬಿಟ್ಟಿತು, ಬೊಗಸೆಯಲ್ಲಿ ಹಿಡಿದು ಕುಡಿಯಿತು. ಆ ಚೀಲ ಹೊಲಿದವರನ್ನ ಮಾತ್ರ ಬಾವಿ ಹತ್ತಿರ ಬಿಡಲಿಲ್ಲ. ವಸ್ತು ಬಾವಿಯೊಳಗೆ ಇಳಿಯಬಹುದು, ಮಾಡಿದ ಮನುಷ್ಯ ಬಾವಿಯ ಕಟ್ಟೆ ಹತ್ತೋ ಹಾಗಿಲ್ಲ.

12ನೇ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ ಇದ್ದರು, ಸಮಗಾರ ಹರಳಯ್ಯ ಇದ್ದರು. ಬಸವಣ್ಣನವರಿಗೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟ ಕಥೆ ನಿಮಗೆಲ್ಲ ಗೊತ್ತು. ಆ ಕಥೆಯನ್ನ ನಾವು ಭಕ್ತಿಯ ಕಥೆಯಾಗಿ ಕೇಳ್ತೀವಿ. ತಪ್ಪಿಲ್ಲ. ಆದ್ರೆ ಅದು ಒಂದು ಕಸುಬಿನ ಕಥೆ ಕೂಡ. ಚರ್ಮದ ಕೆಲಸಕ್ಕೆ, ಆ ಕೆಲಸ ಮಾಡೋ ಕೈಗೆ ಕನ್ನಡದಲ್ಲಿ ದೊಡ್ಡ ಗೌರವ ಸಿಕ್ಕ ಕಾಲ ಅದು. ಆಮೇಲಿನ ಎಂಟು ನೂರು ವರ್ಷ ನಾವು ಕಥೆಯನ್ನ ಇಟ್ಟುಕೊಂಡು ಗೌರವವನ್ನ ಬಿಟ್ಟೆವು.

ಒಂದು ಮಾತು ಸೇರಿಸಬೇಕು. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯ ತೊಗಲಿಗೂ ತಂಗಡಿ ಹಾಕ್ತಾರಾ ಅಂತ ಕೆಲವರು ಕೇಳ್ತಾರೆ. ಇಲ್ಲ. ಗೊಂಬೆಗೆ ಬೆಳಕು ಹಾಯಬೇಕು, ಅದಕ್ಕೆ ಕೂದಲು ತೆಗೆದು ತೆಳುವಾಗಿ ಕೆರೆದ ತೊಗಲು ಬೇಕು. ಒಗರು ಹಾಕಿದ್ರೆ ಬೆಳಕು ಹಾಯೋದಿಲ್ಲ. ಚರ್ಮ ಒಂದೇ, ವಿದ್ಯೆ ಬೇರೆ ಬೇರೆ.

ಹಾಗಾದ್ರೆ ಆ ಚಹಾ?

ದೊಡ್ಡಪ್ಪನ ಪೊಟ್ಟಣಕ್ಕೆ ವಾಪಸ್ ಬರೋಣ. ತಮಿಳಿನಲ್ಲಿ ಒಂದು ಗಾದೆ ಇದೆ, ಆವರಿಕೆ ಹೂ ಬಿಟ್ಟ ಊರಲ್ಲಿ ಸಾಯೋರನ್ನ ಕಂಡಿದ್ದೀರಾ ಅನ್ನೋ ಅರ್ಥದ್ದು. ನಮ್ಮ ಹಳ್ಳಿ ಮದ್ದಿನಲ್ಲೂ ಇದಕ್ಕೆ ಜಾಗ ಇದೆ. ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಹೂವಿನ ಸಾರ ರಕ್ತದ ಸಕ್ಕರೆ ಇಳಿಸಿದ್ದೂ ನಿಜ. ಆದ್ರೆ ಇಲಿ ಬೇರೆ, ದೊಡ್ಡಪ್ಪ ಬೇರೆ. 1981ರಲ್ಲಿ ಶ್ರೀಲಂಕಾದ ಸಂಶೋಧಕರು ಅಲ್ಲಿನ ನಾಟಿ ಔಷಧಿ ಗಿಡಗಳನ್ನ ಪರೀಕ್ಷೆ ಮಾಡಿದಾಗ ಯಕೃತ್ತಿಗೆ ತೊಂದರೆ ಕೊಡುವಂಥ ಪದಾರ್ಥ ಇರೋ ಗಿಡಗಳಲ್ಲಿ ತಂಗಡಿಯೂ ಒಂದು ಅಂತ ಬರೆದ್ರು. ಇನ್ನೊಂದು ಕಡೆ, ಮಾತ್ರೆ ಜೊತೆಗೆ ಇದನ್ನೂ ಕುಡಿದು ಸಕ್ಕರೆ ವಿಪರೀತ ಇಳಿದ್ರೆ ಅದೂ ಅಪಾಯ. ಮಾತ್ರೆ ಬಿಟ್ಟು ಇದನ್ನ ಮಾತ್ರ ನಂಬಿದ್ರೆ ಇನ್ನೂ ದೊಡ್ಡ ಅಪಾಯ.

ದೊಡ್ಡಪ್ಪ ಎರಡು ವಾರ ಮಾತ್ರೆ ಬಿಟ್ಟಿದ್ರು. ನಮಗೆ ಗೊತ್ತಿರಲಿಲ್ಲ. ತಲೆ ತಿರುಗಿ ಬಿದ್ದ ಮೇಲೆ ಹೇಳಿದ್ರು. ಪರೀಕ್ಷೆ ಮಾಡಿಸಿದಾಗ ಸಕ್ಕರೆ ಮುನ್ನೂರು ದಾಟಿತ್ತು. ಈಗ ಆರಾಮಾಗಿದ್ದಾರೆ, ಮಾತ್ರೆ ತಗೋತಾರೆ. ಅಜ್ಜಿ ಅವರಿಗೆ ಬೈದಿದ್ದು ಹೀಗೆ: "ತಂಗಡಿ ಹೂವು ತಲಿಗೆ ಮುಡಿ, ಕಟ್ಟಿ ಮ್ಯಾಲ ಇಡು. ಡಾಕ್ಟ್ರು ಕೊಟ್ಟಿದ್ದನ್ನ ಬಾಯಿಗೆ ಹಾಕ್ಕೋ." ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಖರಾಬು ಅನ್ನೋ ಕಾಲಂ

ನವಲಿ ಹೆಸರು ನೀವು ಸುದ್ದಿಯಲ್ಲಿ ಕೇಳಿರ್ತೀರಿ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಕಳೆದುಕೊಂಡ ನೀರನ್ನ ಬೇರೆ ಕಡೆ ಹಿಡಿಯೋಕೆ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟಬೇಕು ಅನ್ನೋ ಯೋಜನೆ ಇದೆ. ಆಂಧ್ರ, ತೆಲಂಗಾಣದ ಒಪ್ಪಿಗೆಯೂ ಬೇಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಾವೆಲ್ಲ ನಿದ್ದೆ ಬಿಟ್ಟು ಫೋನ್ ನೋಡ್ತಾ ಕೂತಿದ್ವಿ. ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಜಲಾಶಯದ ಪರವಾಗಿಯೋ ವಿರೋಧವಾಗಿಯೋ ಭಾಷಣ ಮಾಡೋಕೆ ಇಲ್ಲಿ ಕೂತಿಲ್ಲ.

ನನ್ನ ಪ್ರಶ್ನೆ ಲೆಕ್ಕದ್ದು. ಪಹಣಿ ತೆಗೆದು ನೋಡಿ. ಕಲ್ಲು, ಗುಡ್ಡ, ಹಳ್ಳ ಇರೋ ಜಾಗಕ್ಕೆ ಅದರಲ್ಲಿ ಒಂದು ಪದ ಇದೆ, ಖರಾಬು. ಖರಾಬು ಅಂದ್ರೆ ಕೆಟ್ಟದ್ದು, ಸಾಗುವಳಿಗೆ ಬಾರದ್ದು. ಬೆಳೆ ಕಾಲಂನಲ್ಲಿ ಭತ್ತ, ಸಜ್ಜೆ, ಮೆಕ್ಕೆಜೋಳ ಬರುತ್ತೆ. ತಂಗಡಿ ಬರಲ್ಲ. ಆದ್ರೆ ಆ ಖರಾಬಿನಲ್ಲೇ ಕುರಿ ಮೇಯುತ್ತೆ, ದುಂಬಿ ಬದುಕುತ್ತೆ, ಹಳದಿ ಚಿಟ್ಟೆಗಳು ಇದೇ ಜಾತಿ ಗಿಡಗಳ ಎಲೆ ಮೇಲೆ ಮೊಟ್ಟೆ ಇಡುತ್ತವೆ, ತಾಂಡಾದ ಹುಡುಗಿಯರು ಹಬ್ಬದ ಹೂವು ಆರಿಸ್ತಾರೆ. ಹಿಂದೆ ಭತ್ತದ ಗದ್ದೆಗೆ ಹಸಿರು ಗೊಬ್ಬರ ಅಂತ ಇದರ ಸೊಪ್ಪು ತುಳಿದಿದ್ದೂ ಉಂಟು. ಒಂದು ಕಾಲದಲ್ಲಿ ಸಾಮ್ರಾಜ್ಯದ ಬೂಟಿಗೆ ಬೇಕಾಗಿದ್ದ ಗಿಡ ಇದು. ಬ್ಯಾಲೆನ್ಸ್ ಶೀಟಿನಲ್ಲಿ ಸೊನ್ನೆ ಅಂತ ಬರೆದ ಆಸ್ತಿಯನ್ನ ಕಳೆದುಕೊಂಡ್ರೆ ನಷ್ಟ ಕೂಡ ಸೊನ್ನೆ ಅಂತಲೇ ತೋರಿಸುತ್ತೆ. ಜಲಾಶಯ ಆಗಲಿ, ಸೋಲಾರ್ ಪಾರ್ಕ್ ಆಗಲಿ, ಲೇಔಟ್ ಆಗಲಿ, ಮೊದಲು ಹೋಗೋದು ಈ ಸೊನ್ನೆಗಳೇ.

ಹೀಗಾಗಿ ಒಂದು ಸಣ್ಣ ಕೆಲಸ ಹೇಳ್ತೀನಿ. ಗಿಡ ಬೆಳೆಸಿ.

ಒಣಗಿದ ಕಾಯಿ ಬಿಡಿಸಿ ಬೀಜ ತೆಗೀರಿ. ಸಿಪ್ಪೆ ಬಹಳ ಗಟ್ಟಿ. ಕುದಿಸಿ ಇಳಿಸಿದ ಬಿಸಿನೀರಿಗೆ ಹಾಕಿ, ತಣ್ಣಗಾಗೋಕೆ ಬಿಟ್ಟು, ಒಂದು ರಾತ್ರಿ ನೆನೆಸಿ. ಇಲ್ಲಾ ಮರಳು ಕಾಗದದಲ್ಲಿ ಒಂದು ಕಡೆ ಮೆಲ್ಲಗೆ ಉಜ್ಜಿ. ಉಬ್ಬಿದ ಬೀಜ ಮೊಳೆಯುತ್ತೆ, ಉಬ್ಬದ್ದನ್ನ ಮತ್ತೆ ನೆನೆಸಿ. ತಾಯಿಬೇರು ಆಳಕ್ಕೆ ಇಳಿಯೋ ಗಿಡ ಇದು, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತೆ. ಬೆಳೀಬೇಕಾದ ಜಾಗದಲ್ಲೇ ಬಿತ್ತಿ. ಮುಂಗಾರಿನ ಮೊದಲ ಹದ ಮಳೆ ಒಳ್ಳೆ ಕಾಲ. ಕುಂಡ ಆದ್ರೆ ಆಳದ್ದು ಇರಲಿ, ಕೆಳಗೆ ತೂತು ಇರಲಿ, ಮಣ್ಣಿಗೆ ಮರಳು, ಗರಸು ಬೆರೆಸಿ. ನೀರು ನಿಲ್ಲಬಾರದು ಅಷ್ಟೇ. ಗೊಬ್ಬರ ಬೇಡ. ಬಿಸಿಲು ಮಾತ್ರ ಪೂರ್ತಿ ಬೇಕು. ದನ ಇದನ್ನ ಸಾಮಾನ್ಯವಾಗಿ ತಿನ್ನಲ್ಲ, ಹಂಗಾಗಿ ಬೇಲಿನೂ ಬೇಡ. ಕಡಿದ್ರೆ ಬುಡದಿಂದ ಮತ್ತೆ ಚಿಗುರುತ್ತೆ. ಮೊದಲ ವರ್ಷ ಸುಮ್ಮನೆ ಇರುತ್ತೆ, ಬೇರು ಬಿಡ್ತಿರುತ್ತೆ. ತಾಳ್ಮೆ ಇರಲಿ. ಬೀಜ ತರೋವಾಗ ಒಂದು ಮಾತ್ರ ಮರೀಬೇಡಿ, ಮೊದಲು ಕಿವಿ ನೋಡಿ.

ನಾನು ಅಜ್ಜಿ ಮನೆ ಹಿತ್ತಲ ಗೋಡೆ ಪಕ್ಕ ಏಳು ಬೀಜ ಹಾಕಿದ್ದೆ. ಮೂರು ಎದ್ದಿವೆ. ಗೇಣುದ್ದ ಆಗಿವೆ. ಹೋದ ಭಾನುವಾರ ಬಗ್ಗಿ ನೋಡಿದೆ, ಎಲೆಯ ಬುಡದಲ್ಲಿ ಪುಟ್ಟ ಪುಟ್ಟ ಕಿವಿ ಬಂದಿದ್ದವು. ಅಜ್ಜಿಯನ್ನ ಕರೆದು ತೋರಿಸಿದೆ. ಅವಳಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ. ಬೆರಳಿನಿಂದ ಮುಟ್ಟಿ ನೋಡಿ, "ಹೂಂ, ಇದು ನಮ್ಮದ ಐತಿ" ಅಂದಳು.

ನಿಮ್ಮ ಊರಲ್ಲಿ ಈ ಗಿಡಕ್ಕೆ ಏನಂತಾರೆ, ನಿಮ್ಮ ಮನೆ ಹಿರಿಯರು ಇದನ್ನ ಯಾವುದಕ್ಕೆ ಬಳಸ್ತಿದ್ರು, ಒಂದು ವಾಯ್ಸ್ ನೋಟ್ ಕಳಿಸಿ. ಚರ್ಮದ ಕಸುಬು ಮಾಡಿದ ಮನೆಯವರು ಯಾರಾದ್ರೂ ಕೇಳ್ತಿದ್ರೆ, ನಿಮ್ಮ ಅಜ್ಜ ಅಜ್ಜಿ ಹೇಳಿದ್ದನ್ನ ನಿಮ್ಮ ದನಿಯಲ್ಲೇ ಕೇಳಬೇಕು ಅಂತ ಆಸೆ ಇದೆ. ಆ ಭಾಗವನ್ನ ನಾನು ಓದಿ ಹೇಳೋದಕ್ಕಿಂತ ನೀವು ಹೇಳೋದು ಸರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.